ಕಾಪು, ಆಗುಂಬೆ, ಕಾರ್ಕಳ: ಒಂದು ಗ್ರಹಕ್ಕೆ ಮೂರು ಜಾಗ

ಸೂರ್ಯನನ್ನಲ್ಲ, ದೂರದ ಬೇರೊಂದು ನಕ್ಷತ್ರವನ್ನು ಸುತ್ತುವ ವಾಸ್ಪ್-43ಬಿ ಅನ್ನುವ ಗ್ರಹ ಹಿಡಿಯಲು ಈ ಬೇಸಗೆಯ ಮೊದಲಲ್ಲಿ ನನ್ನ ಎಂಟಿಂಚಿನ ಟೆಲಿಸ್ಕೋಪ್ ಹೊತ್ತುಕೊಂಡು ಉಡುಪಿಯಿಂದ ಮೂರು ಕಡೆ ಹೋದೆ. ಗ್ರಹವೇನೂ ಕಣ್ಣಿಗೆ ಕಾಣುವುದಿಲ್ಲ. ಅದು ತನ್ನ ನಕ್ಷತ್ರದ ಎದುರು ದಾಟುವಾಗ ಬೆಳಕು ನೂರಕ್ಕೆ ಎರಡೂವರೆಯಷ್ಟು ಇಳಿಯುತ್ತದೆ. ಅದೂ ಒಂದು ಗಂಟೆ ಚಿಲ್ಲರೆ ಮಾತ್ರ. ನಕ್ಷತ್ರದ ಬೆಳಕಿನ ಗ್ರಾಫಿನಲ್ಲಿ ಆ ತಗ್ಗು ಸಿಗಬೇಕು. ಹತ್ತೊಂಬತ್ತೂವರೆ ಗಂಟೆಗೊಮ್ಮೆ ಸುತ್ತು ಮುಗಿಸುವ ಗ್ರಹವಾದ್ದರಿಂದ ಒಂದು ರಾತ್ರಿ ಹಾಳಾದರೆ ಐದು ಸುತ್ತು ಕಳೆದು ನಾಲ್ಕು ದಿನಕ್ಕೆ ಮತ್ತೆ ರಾತ್ರಿಯ ಹೊತ್ತಿಗೆ ಅವಕಾಶ.

ಕಾಪು ಬೀಚಿಗೆ ಹೋದದ್ದೇ ತಪ್ಪು. ಮರಳಿನಲ್ಲಿ ಸ್ಟ್ಯಾಂಡಿನ ಕಾಲು ಹೂತಿತು, ಗಾಜಿಗೆ ಉಪ್ಪುಗಾಳಿಯ ಅಂಟು. 1901ರ ದೀಪಸ್ತಂಭದ ಬೆಳಕು ಬೇರೆ ಸುತ್ತುತ್ತಿತ್ತು. ಹತ್ತು ಗಂಟೆಗೆ ಗಂಟು ಕಟ್ಟಿದೆ.

ಆಗುಂಬೆಯ ಮೇಲೆ ಆಸೆ ಜಾಸ್ತಿ ಇತ್ತು. ಸುಮಾರು 640 ಮೀಟರ್ ಎತ್ತರ, ಒಳ್ಳೆ ಕತ್ತಲೆ. ಮೊದಲ ಒಂದು ಗಂಟೆ ಎಷ್ಟು ಚಂದ! ಆಮೇಲೆ ತೆಳು ಮಂಜು ಬಂತು. ಕಣ್ಣಿಗೆ ಗೊತ್ತೇ ಆಗಲಿಲ್ಲ, ಕ್ಯಾಮೆರಾಕ್ಕೆ ಗೊತ್ತಾಯಿತು. ಪಕ್ಕದ ನಕ್ಷತ್ರಗಳನ್ನೂ ಅಳೆದು ಹೋಲಿಸುತ್ತೇವಲ್ಲ, ಎಲ್ಲವೂ ಒಟ್ಟಿಗೆ ಮಂಕಾದರೆ ಲೆಕ್ಕ ಸರಿಹೋಗುತ್ತದೆ. ಆದರೆ ಮಂಜು ಒಂದೇ ಸಮ ಇರಬೇಕಲ್ಲ! ಒಂದು ನಕ್ಷತ್ರವನ್ನು ಜಾಸ್ತಿ ಮುಚ್ಚಿತು, ಇನ್ನೊಂದನ್ನು ಕಡಿಮೆ. ಗ್ರಹ ಬರುವ ಮುಂಚೆಯೇ ಗ್ರಾಫಿನಲ್ಲಿ ಗ್ರಹಕ್ಕಿಂತ ದೊಡ್ಡ ಗುಂಡಿ. ಹದಿನಾಲ್ಕು ತಿರುವು ಇಳಿಯುವಾಗ ಯಾರ ಹತ್ತಿರವೂ ಮಾತಾಡಲಿಲ್ಲ.

ಕೊನೆಗೆ ಕಾರ್ಕಳದ ಹತ್ತಿರ ದೊಡ್ಡಪ್ಪನ ಮನೆಯ ಅಂಗಳ. ಒಣಹಾಕಿದ ಅಡಿಕೆಯನ್ನು ಒಂದು ಮೂಲೆಯಲ್ಲಿ ಸರಿಸಿ ಜಾಗ ಮಾಡಿಕೊಂಡೆ. ಆಕಾಶದಲ್ಲಿ ಪೇಟೆಯ ಬೆಳಕು ಇದೆ, ಹಾಲುಹಾದಿ ಸರಿಯಾಗಿ ಕಾಣುವುದಿಲ್ಲ. ಆದರೆ ಆ ಬೆಳಕು ಇಡೀ ರಾತ್ರಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನಕ್ಷತ್ರದ ಸುತ್ತಲಿನ ಆಕಾಶದ ಬೆಳಕು ಅಳೆದು ಕಳೆದರೆ ಆಯಿತು. ಗಟ್ಟಿ ನೆಲ, ಕರೆಂಟೂ ಉಂಟು. ನಮ್ಮ ಮನೆ ತಾರಸಿಯಲ್ಲಿ ಯಾರಾದರೂ ನಡೆದರೆ ನಕ್ಷತ್ರ ಕುಣಿಯುತ್ತದೆ, ಇಲ್ಲಿ ಆ ಕಾಟ ಇಲ್ಲ. ಒಂದೇ ತೊಂದರೆ ಜಗಲಿಯ ದೀಪ. ಆರಿಸಿ ಅಂದರೆ ದೊಡ್ಡಮ್ಮ, "ಎಂಥ ಮಾರಾಯ, ಲೈಟ್ ಹಾಕಿದ್ರೆ ನಿನ್ನ ಗ್ರಹ ಓಡಿ ಹೋಗ್ತದಾ?"

ಮೊದಲ ರಾತ್ರಿ ಬೆಳಕು ಇಳಿದದ್ದು ಸ್ಪಷ್ಟವಾಗಿ ಸಿಕ್ಕಿತು, ಮೇಲೇರುವ ಹೊತ್ತಿಗೆ ಪಡುವಣದ ತೆಂಗಿನ ಮಡಲು ಅಡ್ಡ ಬಂತು. ದೊಡ್ಡ ತಂಡಗಳಿಗೂ ಇಂಥದ್ದೇ ಕಷ್ಟ, ಮಡಲಿನ ಬದಲು ಹಗಲು. ಅದಕ್ಕೇ ಇಂಥ ದೂರದ ಗ್ರಹ ಹುಡುಕುವ ತಂಡವಾದ ಹ್ಯಾಟ್‌ಸೌತ್‌ನವರು ಚಿಲಿ, ನಮೀಬಿಯಾ, ಆಸ್ಟ್ರೇಲಿಯಾ ಮೂರೂ ಕಡೆ ಟೆಲಿಸ್ಕೋಪ್ ಇಟ್ಟಿದ್ದಾರೆ. ಒಂದು ಕಡೆ ಬೆಳಗಾದರೆ ಇನ್ನೊಂದು ಕಡೆ ರಾತ್ರಿ. ನನಗೆ ಅಷ್ಟು ದೂರ ಬೇಡ. ಮಡಲು ಕಡಿಸಿ ಅಂತ ದೊಡ್ಡಪ್ಪನಿಗೆ ಹೇಳುವ ಧೈರ್ಯವೂ ಇಲ್ಲ. ನಾಲ್ಕು ದಿನ ಬಿಟ್ಟು ಟೆಲಿಸ್ಕೋಪನ್ನೇ ಕೊಟ್ಟಿಗೆಯ ಪಕ್ಕಕ್ಕೆ ಸರಿಸಿದೆ, ಇಡೀ ತಗ್ಗು ಸಿಕ್ಕಿತು.