ಮಣಿಕಟ್ಟಿನ ಪಾಠಕ್ಕೆ ಪವರ್‌ಪಾಯಿಂಟ್, ಎಚ್‌ಫೈವ್‌ಪಿ, ಬ್ಲೆಂಡರ್: ಮೂರನ್ನೂ ಬಳಸಿ ನೋಡಿದೆ

ಫಿಸಿಯೋಥೆರಪಿ ಮೊದಲ ವರ್ಷದವರಿಗೆ ನಾನು ಅನಾಟಮಿ ಹೇಳಿಕೊಡುತ್ತೇನೆ. ಮಣಿಕಟ್ಟಿನ 8 ಮೂಳೆಗಳು ಪ್ರತಿ ಬ್ಯಾಚಿಗೂ ಕಷ್ಟ. ಹೆಸರು ಬಾಯಿಪಾಠ ಆಗಿರುತ್ತದೆ, ಮೂಳೆ ಕೈಗೆ ಕೊಟ್ಟರೆ ಗುರುತು ಹತ್ತುವುದಿಲ್ಲ. ಅದಕ್ಕೇ ಈ ಒಂದೇ ಪಾಠವನ್ನು ಮೂರು ಕಡೆ ಮಾಡಿ ನೋಡಿದೆ.

ಪವರ್‌ಪಾಯಿಂಟ್ ಒಂದು ಗಂಟೆಯ ಕೆಲಸ. ಮೂಳೆ ಮೇಲೆ ಒತ್ತಿದರೆ ಹೆಸರು ಬರುವಂತೆ ಟ್ರಿಗರ್ ಹಾಕಿದೆ. ಕ್ಲಾಸಲ್ಲಿ ಚೆನ್ನಾಗಿತ್ತು. ಮಕ್ಕಳು ಕೇಳಿದರೆಂದು ಪಿಡಿಎಫ್ ಮಾಡಿ ಕಳಿಸಿದೆ. ಒತ್ತುವುದೆಲ್ಲ ಹೋಗಿ ಬರೀ ಚಿತ್ರ ಉಳಿಯಿತು.

ಎಚ್‌ಫೈವ್‌ಪಿ ಅಂದರೆ ಒತ್ತಿ, ಎಳೆದು ಕಲಿಯುವಂಥ ಪಾಠ ಮಾಡುವ ಸಾಧನ. ಉಚಿತ. ಲೂಮಿ ಅನ್ನುವ ಆ್ಯಪ್ ಇದ್ದರೆ ಇಂಟರ್ನೆಟ್ ಇಲ್ಲದೆಯೂ ಪಾಠ ತಯಾರಿಸಿ, ಒಂದೇ ಎಚ್‌ಟಿಎಂಎಲ್ ಫೈಲಾಗಿ ಉಳಿಸಬಹುದು. ಗ್ರೇಸ್ ಅನಾಟಮಿ ಪುಸ್ತಕದ 1918ರ ಅಮೆರಿಕನ್ ಆವೃತ್ತಿಯ ಚಿತ್ರ ಬಳಸಿದೆ. ಅಮೆರಿಕದಲ್ಲಿ ಅದರ ಕಾಪಿರೈಟ್ ಮುಗಿದಿದೆ. ಹೆಸರನ್ನು ಎಳೆದು ಮೂಳೆ ಮೇಲೆ ಬಿಡಬೇಕು. ಮೊದಲು ಎಂಟನ್ನೂ ಒಂದೇ ಚಿತ್ರದಲ್ಲಿ ಇಟ್ಟಿದ್ದೆ. ಮೊಬೈಲಲ್ಲಿ ಟ್ರೆಪಿಜಾಯ್ಡ್ ಅನ್ನುವ ಮೂಳೆಯ ಜಾಗ ಬೆರಳ ತುದಿಗಿಂತ ಚಿಕ್ಕದಾಯಿತು. ಸಾಲಿಗೆ ನಾಲ್ಕರಂತೆ ಎರಡು ಚಿತ್ರ ಮಾಡಿದ ಮೇಲೆ ಸರಿಹೋಯಿತು.

ಬ್ಲೆಂಡರ್ ಅನ್ನುವ ಥ್ರೀಡಿ ಮಾದರಿ ಮಾಡುವ ಸಾಫ್ಟ್‌ವೇರ್ ಕಲಿಯುವುದಕ್ಕೇ ಎರಡು ವಾರ ಹೋಯಿತು. ಮೂಳೆಗಳನ್ನು ಮಾತ್ರ ನಾನು ಮಾಡಬೇಕಿರಲಿಲ್ಲ. ಝಡ್-ಅನಾಟಮಿ ಅನ್ನುವ ಉಚಿತ ಅಟ್ಲಾಸಿನಿಂದ ತೆಗೆದುಕೊಂಡೆ. ಜಪಾನಿನ ಬಾಡಿಪಾರ್ಟ್ಸ್‌ಥ್ರೀಡಿ ಮಾದರಿಗಳಿಂದ ಬೆಳೆದದ್ದು ಅದು. ಮೂಲದವರ ಹೆಸರು ಹಾಕಬೇಕು, ನಾವು ಮಾಡಿದ್ದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು. ನ್ಯಾಯವೇ ಅಲ್ವಾ?

ಆ ಎರಡು ವಾರದ ಬೆಲೆ ತಿಳಿದದ್ದು ಪಿಸಿಫಾರ್ಮ್ ಬಂದಾಗ. ಬಟಾಣಿಯಷ್ಟಿರುವ ಈ ಮೂಳೆ ಟ್ರೈಕ್ವೆಟ್ರಲ್ ಅನ್ನುವ ಇನ್ನೊಂದು ಮೂಳೆಯ ಮುಂದೆ, ಅಂಗೈ ಕಡೆ ಕೂತಿರುತ್ತದೆ. ಚಿತ್ರದಲ್ಲಿ ಎರಡೂ ಒಂದರ ಮೇಲೊಂದು ಬರುತ್ತವೆ. ಮಾದರಿಯನ್ನು ಪಕ್ಕಕ್ಕೆ ತಿರುಗಿಸಿದ ತಕ್ಷಣ ಒಬ್ಬಳು ಕಿರುಬೆರಳ ಕಡೆ ತನ್ನ ಮಣಿಕಟ್ಟನ್ನೇ ಒತ್ತಿ ನೋಡಿದಳು. "ಮೇಡಂ, ಇಲ್ಲಿ ಗಟ್ಟಿಯಾಗಿ ಸಿಗ್ತಿದೆಯಲ್ಲ, ಇದೇನಾ?" ಅಂದಳು. ಇಡೀ ಕ್ಲಾಸು ಒತ್ತಿ ನೋಡಿತು. ಪವರ್‌ಪಾಯಿಂಟಿನಲ್ಲಿ ಇದು ಒಮ್ಮೆಯೂ ಆಗಿರಲಿಲ್ಲ.

ಈಗ ಮೂಳೆ ಅರ್ಥ ಮಾಡಿಸಲು ಬ್ಲೆಂಡರ್ ಮಾದರಿ, ಮನೆಯಲ್ಲಿ ಅಭ್ಯಾಸಕ್ಕೆ ಎಚ್‌ಫೈವ್‌ಪಿ. ಒಂದಕ್ಕೇ ಸಮಯ ಇದೆ ಅನ್ನುವವರು ಎಚ್‌ಫೈವ್‌ಪಿ ಹಿಡಿಯಿರಿ. ಬ್ರೇಕಿಯಲ್ ಪ್ಲೆಕ್ಸಸ್ ಅನ್ನುವ ತೋಳಿನ ನರಗಳ ಜಾಲಕ್ಕಂತೂ ನಾನು ಮಾದರಿ ಮಾಡುವುದಿಲ್ಲ. 5 ಬೇರು, 3 ಟ್ರಂಕ್, 6 ಡಿವಿಷನ್, 3 ಕಾರ್ಡ್: ಅದನ್ನು ಮಕ್ಕಳು ಪರೀಕ್ಷೆಯಲ್ಲಿ ಗೆರೆ ಎಳೆದೇ ತೋರಿಸಬೇಕು. ಗೆರೆ ಚಿತ್ರವೇ ಅದಕ್ಕೆ ಸರಿ.