‘ವಿಪ್’ ಅನ್ನೋ ಒಂದೇ ಪದಕ್ಕೆ ಇಡೀ ಸಂಜೆ ಕೊಟ್ಟ ಕೋಚಿಂಗ್ ಕ್ಲಾಸ್

ದಾವಣಗೆರೆಯಲ್ಲಿ ಹಗಲು ಕೆಲಸಕ್ಕೆ ಹೋಗಿ ರಾತ್ರಿ ಪಿಡಿಒ, ಎಫ್‌ಡಿಎ ಥರದ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವವರಿಗೆ ಹದಡಿ ರಸ್ತೆ ಕಡೆಯ ಈ ಕ್ಲಾಸ್ ಚೆನ್ನಾಗಿ ಹೊಂದುತ್ತದೆ. ನಾನು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುತ್ತೇನೆ. ಏಳೂವರೆಗೆ ಪಾಠ ಶುರು, ತಿಂಗಳಿಗೆ 1,200 ರೂಪಾಯಿ. ಗಣಿತ, ಇತಿಹಾಸ ಎಲ್ಲ ಕಡೆ ಸಿಗುವಂಥದ್ದೇ. ನಾನು ಬಿಡದೆ ಹೋಗುವುದು ಸಂವಿಧಾನ ಹೇಳುವ ಮೇಷ್ಟ್ರಿಗಾಗಿ.

‘ಶಾಸಕರಿಗೆ ವಿಪ್ ಜಾರಿ’ ಅಂತ ಪೇಪರ್‌ನಲ್ಲಿ ಎಲ್ಲರೂ ಓದಿರುತ್ತೇವೆ, ಅಲ್ವಾ? ಮೇಷ್ಟ್ರು ಆ ಪದವನ್ನು ಇಂಗ್ಲೆಂಡಿನ ನರಿ ಬೇಟೆಯಿಂದ ಶುರು ಮಾಡಿದರು. ಬೇಟೆನಾಯಿಗಳು ಚದುರದಂತೆ ಚಾಟಿ ಹಿಡಿದು ಕಾಯುವ ಆಳಿನಿಂದ ಈ ಹೆಸರು ಅಲ್ಲಿನ ಪಾರ್ಲಿಮೆಂಟಿಗೆ ಬಂತಂತೆ. ಮತದ ಹೊತ್ತಿಗೆ ಪಕ್ಷದವರನ್ನು ಸದನದಲ್ಲಿ ಸೇರಿಸುವವರು ವಿಪ್, ನಮ್ಮಲ್ಲಿ ಸಚೇತಕರು. ಅವರು ಹೊರಡಿಸುವ ಸೂಚನೆಗೂ ವಿಪ್ ಅಂತಲೇ ಹೆಸರು. ಸೂಚನೆಯ ಕೆಳಗೆ ಎಳೆದ ಗೆರೆ ಹೆಚ್ಚಿದಷ್ಟೂ ಅದು ಬಿಗಿ. ಒಂದು ಗೆರೆಯದು ಮತದಾನ ಇದೆ ಅಂತ ತಿಳಿಸುತ್ತದೆ. ಎರಡು ಗೆರೆಯದು ಹಾಜರಿರಿ ಅನ್ನುತ್ತದೆ. ಮೂರು ಗೆರೆಯದು ಬಂದರೆ ಪಕ್ಷ ಹೇಳಿದಂತೆಯೇ ಮತ ಹಾಕಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ಮಾತು. ನಮ್ಮ ಸಂವಿಧಾನದಲ್ಲಿ ‘ವಿಪ್’ ಅನ್ನೋ ಪದವೇ ಇಲ್ಲ! ಪಕ್ಷಾಂತರ ತಡೆಯಲು 1985ರಲ್ಲಿ ಸೇರಿದ ಹತ್ತನೇ ಅನುಸೂಚಿಯಲ್ಲಿ ಇರುವುದು ಪಕ್ಷ ಕೊಡುವ ‘ನಿರ್ದೇಶನ’. ಅದನ್ನು ಮೀರಿದವರನ್ನು ಪಕ್ಷ 15 ದಿನದೊಳಗೆ ಮನ್ನಿಸದಿದ್ದರೆ ಸದಸ್ಯತ್ವಕ್ಕೇ ಕುತ್ತು. ಆದರೆ ರಾಷ್ಟ್ರಪತಿ ಚುನಾವಣೆಗೆ ವಿಪ್ ಕೊಡುವ ಹಾಗಿಲ್ಲ.

“ಸರ್, ಶಾಸಕರು ಸದನಕ್ಕೇ ಬರದಿದ್ದರೆ?” ಅಂತ ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ಮೇಷ್ಟ್ರು 2019ರ ಜುಲೈ ತಿಂಗಳನ್ನೇ ಬೋರ್ಡ್ ಮೇಲೆ ಬರೆದರು. ರಾಜೀನಾಮೆ ಕೊಟ್ಟಿದ್ದ ನಮ್ಮ ರಾಜ್ಯದ 15 ಶಾಸಕರನ್ನು ಸದನಕ್ಕೆ ಬನ್ನಿ ಅಂತ ಬಲವಂತ ಮಾಡುವಂತಿಲ್ಲ ಎಂದು 17ರಂದು ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ವಿಪ್‌ಗೆ ಬೆಲೆ ಏನು ಅಂತ ಸದನದಲ್ಲಿ ದೊಡ್ಡ ಚರ್ಚೆಯೇ ಆಯಿತು. 23ರಂದು ವಿಶ್ವಾಸಮತದಲ್ಲಿ 99–105 ಮತಗಳಿಂದ ಕುಮಾರಸ್ವಾಮಿ ಸರ್ಕಾರ ಬಿತ್ತು. ಟಿವಿಯಲ್ಲಿ ಸುಮ್ನೆ ನೋಡಿದ್ದ ಗಲಾಟೆ ಅವತ್ತು ನನಗೆ ಅರ್ಥವಾಯಿತು. ನಮ್ಮ ಮಹಾನಗರ ಪಾಲಿಕೆಯ ಮೇಯರ್ ಚುನಾವಣೆಗೂ ವಿಪ್ ಬರುತ್ತದೆ, ಅದಕ್ಕೆ 1987ರ ರಾಜ್ಯದ ಕಾಯ್ದೆಯೇ ಬೇರೆ ಇದೆ. ಇದನ್ನು ಬೇರೆ ಯಾವ ಕ್ಲಾಸಿನಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಕೊರತೆಯೂ ಇದೆ. ಜೆರಾಕ್ಸ್ ನೋಟ್ಸ್ ಹಳೆಯದು. ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಡೆದು ಬಂದರೆ ಅನರ್ಹತೆ ಇಲ್ಲ ಅಂತ ಅದರಲ್ಲಿ ಈಗಲೂ ಇದೆ. ಆ ವಿನಾಯಿತಿಯನ್ನು 2003ರಲ್ಲೇ ತೆಗೆದುಹಾಕಿದ್ದಾರೆ, ಈಗ ಉಳಿದಿರುವುದು ಮೂರನೇ ಎರಡು ಭಾಗ ಒಪ್ಪಿದ ವಿಲೀನಕ್ಕೆ ಮಾತ್ರ. ಮೇಷ್ಟ್ರು ಬಾಯಲ್ಲಿ ತಿದ್ದುತ್ತಾರೆ. ಆದರೆ ಕ್ಲಾಸಿಗೆ ತಪ್ಪಿಸಿಕೊಂಡವರು ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದು ಬರುತ್ತಾರೆ. ದುಡ್ಡು ತೆಗೆದುಕೊಂಡ ಮೇಲೆ ನೋಟ್ಸ್ ಹೊಸದಾಗಿ ಅಚ್ಚು ಹಾಕಿಸಲೇಬೇಕು.

ಸೇರುವವರು ಮೊದಲು ಸಂವಿಧಾನದ ಪಾಠ ಇರುವ ದಿನ ಕೇಳಿಕೊಂಡು ಹೋಗಿ. ಒಂದು ದಿನ ಫೀಸಿಲ್ಲದೆ ಕೂರಲು ಬಿಡುತ್ತಾರೆ.