ಕಡಲ ಅಕ್ವೇರಿಯಂಗೆ ಎರಡು ಕೊಳವೆಯ ಓವರ್‌ಫ್ಲೋ ಪೆಟ್ಟಿಗೆ: ಕರೆಂಟು ಹೋದರೂ ನೀರು ಚೆಲ್ಲದ ಜೋಡಣೆ

ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡವರಲ್ಲಿ ಹಲವರು ರೆಫ್ಯೂಜಿಯಂ (ಪಾಚಿ ಮತ್ತು ಸಣ್ಣ ಜೀವಿಗಳನ್ನು ಬೆಳೆಸಲು ಮುಖ್ಯ ತೊಟ್ಟಿಗೆ ಜೋಡಿಸುವ ಪ್ರತ್ಯೇಕ ತೊಟ್ಟಿ) ಬೇಕೆಂದು ಆಸೆಪಟ್ಟರೂ ಮನೆಯೊಳಗೆ ನೀರು ಚೆಲ್ಲೀತೆಂಬ ಭಯಕ್ಕೆ ಹಿಂದೆ ಸರಿಯುತ್ತಾರೆ. ಆ ಭಯ ಸಕಾರಣವಾದದ್ದು. ಬೆಂಗಳೂರಿನ ನಮ್ಮ ಮನೆಯಲ್ಲಿರುವ 90 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ ಮತ್ತು 45 ಸೆಂ.ಮೀ. ಎತ್ತರದ ತೊಟ್ಟಿಯ ಕೆಳಗೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ಸಣ್ಣ ರೆಫ್ಯೂಜಿಯಂ ಕೂರಿಸಲು, ಹಿಂಬದಿಯ ಗಾಜನ್ನು ಕೊರೆದು ಅಳವಡಿಸುವ ಎರಡು ಕೊಳವೆಯ ಓವರ್‌ಫ್ಲೋ ಪೆಟ್ಟಿಗೆಯನ್ನು ಕೊಂಡು ಬಳಸುತ್ತಿದ್ದೇನೆ. ಮೇಲಿನ ತೊಟ್ಟಿಯ ನೀರು ಈ ಪೆಟ್ಟಿಗೆಯ ಮೂಲಕ ರೆಫ್ಯೂಜಿಯಂಗೆ ಇಳಿಯುತ್ತದೆ, ಅಲ್ಲಿರುವ ಪಂಪು ಅದನ್ನು ಮತ್ತೆ ಮೇಲಕ್ಕೆ ತಳ್ಳುತ್ತದೆ. ಈ ಮಾದರಿಯನ್ನು ಹಲವು ತಯಾರಕರು ಬೇರೆ ಬೇರೆ ಹೆಸರಿನಲ್ಲಿ ಮಾರುವುದರಿಂದ ಇಲ್ಲಿ ಹೆಸರಿಗಿಂತ ವಿನ್ಯಾಸವನ್ನೇ ವಿಮರ್ಶಿಸುತ್ತೇನೆ.

ಗಾಜು ಕೊರೆಯಲು ಹೆದರುವವರು ತೊಟ್ಟಿಯ ಅಂಚಿಗೆ ನೇತುಹಾಕುವ, ಯು ಆಕಾರದ ಕೊಳವೆಯುಳ್ಳ ಪೆಟ್ಟಿಗೆಯನ್ನು ಆರಿಸಿಕೊಳ್ಳುತ್ತಾರೆ. ಅದರಲ್ಲಿ ನೀರು ಸೈಫನ್ ಬಲದಿಂದ ಅಂಚನ್ನು ದಾಟಿ ಇಳಿಯುತ್ತದೆ. ಆದರೆ ಹರಿವು ನಿಧಾನವಾದಾಗ ಕೊಳವೆಯ ನೆತ್ತಿಯಲ್ಲಿ ಗಾಳಿಯ ಗುಳ್ಳೆಗಳು ಸೇರುತ್ತಾ ಹೋಗಿ ಒಂದು ಹೊತ್ತಿನಲ್ಲಿ ಸೈಫನ್ ಕಡಿದುಹೋದರೆ, ಕೆಳಗಿನ ಪಂಪಿಗೆ ಅದು ತಿಳಿಯುವುದಿಲ್ಲ. ಅದು ನೀರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಕೊರೆದ ತೊಟ್ಟಿಯಲ್ಲಾದರೆ ನೀರು ಹಲ್ಲುಗಳಿರುವ ಅಂಚನ್ನು ದಾಟಿ ಪೆಟ್ಟಿಗೆಗೆ ತಾನಾಗಿ ಬೀಳುವುದರಿಂದ ಅಂಚನ್ನು ಹತ್ತಿಸುವ ಸೈಫನ್ನಿನ ಅಗತ್ಯವೇ ಇಲ್ಲ. ಈ ಒಂದು ಕಾರಣಕ್ಕಾಗಿಯೇ ನೇತುಹಾಕುವ ಪೆಟ್ಟಿಗೆಯನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ.

ಪೆಟ್ಟಿಗೆಯ ಎರಡು ಕೊಳವೆಗಳಲ್ಲಿ ತಗ್ಗಿನದು ಪೂರ್ತಿ ನೀರು ತುಂಬಿಕೊಂಡು ಹರಿಯುತ್ತದೆ, ವಾಲ್ವ್ ತಿರುಗಿಸಿ ಅದರ ಹರಿವನ್ನು ಪಂಪಿನ ಹರಿವಿಗೆ ಸರಿದೂಗಿಸಬೇಕು; ಎತ್ತರದ್ದು ಆಪತ್ತಿಗೆಂದು ಖಾಲಿಯಾಗಿ ಕಾಯುತ್ತದೆ. ಹವ್ಯಾಸಿಗಳು ಇದನ್ನು ಹರ್ಬಿ ಪದ್ಧತಿ ಎನ್ನುತ್ತಾರೆ. ಕೊಳವೆಯಲ್ಲಿ ಗಾಳಿ ಸೇರದ ಕಾರಣ ಗೊಳಗೊಳ ಸದ್ದು ಇರುವುದಿಲ್ಲ, ಮಲಗುವ ಕೋಣೆಯ ಪಕ್ಕದಲ್ಲಿಯೂ ಇಡಬಹುದು. ಒಂದು ಎಚ್ಚರಿಕೆ ಅಗತ್ಯ: ಮುಖ್ಯ ಕೊಳವೆಯ ತುದಿ ರೆಫ್ಯೂಜಿಯಂನ ನೀರಿನೊಳಗೆ ಎರಡು ಮೂರು ಸೆಂ.ಮೀ.ಗಿಂತ ಆಳಕ್ಕೆ ಇಳಿಯಬಾರದು; ಇಳಿದರೆ ಕರೆಂಟು ಮರಳಿದಾಗ ಒಳಗಿನ ಗಾಳಿ ಹೊರಬೀಳಲಾರದೆ ಹರಿವು ತಡವರಿಸುತ್ತದೆ. ಆಪತ್ತಿನ ಕೊಳವೆಯ ತುದಿಯನ್ನು ನೀರಿಗಿಂತ ಮೇಲೆಯೇ ನಿಲ್ಲಿಸಬೇಕು, ಆಗ ಅದರಲ್ಲಿ ನೀರು ಬಿದ್ದ ಸದ್ದೇ ಮುಖ್ಯ ಕೊಳವೆ ಕಟ್ಟಿಕೊಂಡಿದೆಯೆಂದು ತಿಳಿಸುತ್ತದೆ.

ನನ್ನ ದೊಡ್ಡ ಆಕ್ಷೇಪ ಪೆಟ್ಟಿಗೆಯ ಜೊತೆ ಬಂದ ಬಾಲ್ ವಾಲ್ವ್ ಬಗ್ಗೆ. ಕೂದಲೆಳೆಯಷ್ಟು ತಿರುಗಿಸಿದರೂ ಹರಿವು ಬಹಳ ಬದಲಾಗುವ ಆ ವಾಲ್ವ್‌ನಿಂದ ಸೂಕ್ಷ್ಮ ಹೊಂದಾಣಿಕೆ ಸಾಧ್ಯವೇ ಇಲ್ಲ. ಇಲ್ಲಿ ಬೇಕಾದದ್ದು ಹಲವು ಸುತ್ತು ತಿರುಗಿಸಿ ಸ್ವಲ್ಪ ಸ್ವಲ್ಪವೇ ಹೊಂದಿಸಬಹುದಾದ ಗೇಟ್ ವಾಲ್ವ್. ಆದರೆ ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಗೇಟ್ ವಾಲ್ವ್ ಕೇಳಿದರೆ ಸಾಮಾನ್ಯವಾಗಿ ಹಿತ್ತಾಳೆಯದನ್ನು ತೆಗೆದುಕೊಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರವಿದೆ, ಉಪ್ಪುನೀರು ಅದನ್ನು ಕರಗಿಸುತ್ತದೆ, ಹವಳ, ಸೀಗಡಿ, ಬಸವನಹುಳುಗಳಿಗೆ ತಾಮ್ರ ವಿಷ. ಸಿಪಿವಿಸಿ ಎಲ್ಬೋ ಮತ್ತು ಟೀಗಳಲ್ಲಿ ಕೆಲವಕ್ಕೆ ಒಳಗೆ ಹಿತ್ತಾಳೆಯ ಥ್ರೆಡ್ ಕೂರಿಸಿರುತ್ತಾರೆ, ಅವನ್ನೂ ದೂರವಿಡಬೇಕು. ಪೂರ್ತಿ ಪ್ಲಾಸ್ಟಿಕ್ಕಿನ ಗೇಟ್ ವಾಲ್ವ್ ಹುಡುಕಿ ತರುವ ಶ್ರಮವನ್ನು ತಯಾರಕರೇ ತಪ್ಪಿಸಬಹುದಿತ್ತು. ಕೃಷಿಯ ಮಿಲಿಮೀಟರ್ ಅಳತೆಯ ಪಿವಿಸಿ ಪೈಪಿಗೂ ಮನೆಯ ಕೊಳಾಯಿಯ ಇಂಚಿನ ಅಳತೆಯ ಯುಪಿವಿಸಿಗೂ ಹೊಂದಿಕೆಯಾಗದು ಎಂಬುದನ್ನಾದರೂ ಕೈಪಿಡಿಯಲ್ಲಿ ಬರೆದಿರಬೇಕಿತ್ತು.

ಇನ್ನು ಮುಖ್ಯ ಸಂಗತಿ. ನೀರು ಚೆಲ್ಲದಂತೆ ಕಾಯುವುದು ಪೆಟ್ಟಿಗೆಗಿಂತ ಹೆಚ್ಚಾಗಿ ಲೆಕ್ಕ. ಕರೆಂಟು ಹೋದಾಗ ಪಂಪು ನಿಂತು, ಹಲ್ಲುಗಳ ಮೇಲಿನ ನೀರು ಇಳಿಯುವುದರ ಜೊತೆಗೆ, ಮೇಲಕ್ಕೆ ಹೋಗುವ ಪೈಪೂ ತನ್ನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೆ ನೀರನ್ನು ಹಿಂದಕ್ಕೆಳೆಯುತ್ತದೆ. ನಮ್ಮ ತೊಟ್ಟಿಯಲ್ಲಿ ಒಂದು ಸೆಂ.ಮೀ. ನೀರೆಂದರೆ ಸುಮಾರು 4 ಲೀಟರ್; ಎರಡು ಸೆಂ.ಮೀ. ಇಳಿದರೆ 8 ಲೀಟರ್, ಪೆಟ್ಟಿಗೆ ಮತ್ತು ಪೈಪುಗಳದ್ದು ಸೇರಿ 10 ಲೀಟರ್. ರೆಫ್ಯೂಜಿಯಂನ ಎತ್ತರ 35 ಸೆಂ.ಮೀ., ಅದನ್ನು ಅಂಕಣಗಳಾಗಿ ವಿಂಗಡಿಸುವ ಒಳಗಿನ ತಡೆಗಾಜುಗಳದ್ದು 25 ಸೆಂ.ಮೀ.; ಮೇಲೆ ಉಳಿದ 10 ಸೆಂ.ಮೀ. ಜಾಗದಲ್ಲಿ 18 ಲೀಟರ್ ಹಿಡಿಯುತ್ತದೆ. ಹೀಗಾಗಿ ಚೆಲ್ಲುವ ಪ್ರಶ್ನೆಯಿಲ್ಲ. ಮೇಲಿನ ಪೈಪಿನ ಬಾಯಿಯನ್ನು ನೀರಿನ ಮೇಲ್ಮೈಗೆ ಹತ್ತಿರವೇ ಇಡುವುದು ಇದಕ್ಕಾಗಿ. ಹಿಂಹರಿವು ತಡೆಯುವ ಚೆಕ್ ವಾಲ್ವ್ ಇದೆಯೆಂದು ಮೈಮರೆಯಬಾರದು. ಪಾಚಿಯ ಒಂದು ಎಳೆ ಅಥವಾ ಸುಣ್ಣದ ಒಂದು ಚೂರು ಸಿಕ್ಕಿಕೊಂಡರೂ ಅದು ಮುಚ್ಚಿಕೊಳ್ಳುವುದಿಲ್ಲ.

ಎರಡೂ ಕೊಳವೆಗಳು ಕಟ್ಟಿಕೊಂಡರೆ ಏನು ಎಂಬುದಕ್ಕೂ ಲೆಕ್ಕವೇ ಉತ್ತರ. ಪಂಪಿರುವ ಅಂಕಣ 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲವಿದ್ದು, ಪಂಪಿನ ಬಾಯಿಯ ಮೇಲೆ 15 ಸೆಂ.ಮೀ. ನೀರಿದ್ದರೆ ಅದು ಮೇಲಕ್ಕೆ ತಳ್ಳಬಲ್ಲದ್ದು 8 ಲೀಟರ್ ಮಾತ್ರ. ಮೇಲಿನ ತೊಟ್ಟಿಯಲ್ಲಿ 3 ಸೆಂ.ಮೀ. ಖಾಲಿ ಜಾಗವಿದ್ದರೆ 12 ಲೀಟರ್ ಹಿಡಿಯುತ್ತದೆ. ಪಂಪು ಒಣಗಿ ಸದ್ದು ಮಾಡುತ್ತದೆ, ನೆಲ ಒದ್ದೆಯಾಗುವುದಿಲ್ಲ. ಆವಿಯಾದ ನೀರನ್ನು ತಾನಾಗಿ ತುಂಬುವ ಉಪಕರಣ ಬಳಸುವವರು ಮಾತ್ರ ಇಲ್ಲಿ ನಿಂತು ಯೋಚಿಸಬೇಕು: ಪಂಪಿನ ಅಂಕಣ ಬರಿದಾದದ್ದನ್ನು ಕಂಡು ಅದು ತನ್ನ ಡಬ್ಬಿಯ ಸಿಹಿನೀರನ್ನೆಲ್ಲ ಸುರಿಯತೊಡಗಿದರೆ ಉಳಿದ 4 ಲೀಟರ್ ಜಾಗ ಬೇಗ ತುಂಬಿಹೋಗುತ್ತದೆ. ಇಷ್ಟು ನಿಮಿಷಕ್ಕಿಂತ ಹೆಚ್ಚು ಓಡದಂತೆ ಮಿತಿ ಹಾಕಬಹುದಾದ ಉಪಕರಣವನ್ನೇ ಕೊಳ್ಳಬೇಕು.

ಉಪ್ಪು ಬೆರೆಸುವ ಮೊದಲು, ಅಂಟು ಒಣಗಲು ಒಂದು ಇಡೀ ದಿನ ಬಿಟ್ಟು, ಬರೀ ನೀರಿನಲ್ಲಿ ಪರೀಕ್ಷೆ ಮಾಡಿದೆ. ಸ್ವಿಚ್ ಆರಿಸಿದಾಗ ರೆಫ್ಯೂಜಿಯಂ ಲೆಕ್ಕ ಹಾಕಿದ ಗೆರೆಯ ಬಳಿಯೇ ನಿಂತಿತು. ಪಂಪು ಓಡುವಾಗಲೇ ಮುಖ್ಯ ಕೊಳವೆಯನ್ನು ಅಂಗೈಯಿಂದ ಮುಚ್ಚಿದಾಗ ಎರಡನೆಯ ಕೊಳವೆ ಪೂರ್ತಿ ಹರಿವನ್ನು ಹೊತ್ತುಕೊಂಡಿತು. ಪೆಟ್ಟಿಗೆಗೆ ನಾನು ಕೊಡುವ ಮೆಚ್ಚುಗೆಯೆಲ್ಲ ಈ ಎರಡನೆಯ ಪರೀಕ್ಷೆಗಾಗಿ.

ರೆಫ್ಯೂಜಿಯಂನಲ್ಲಿ ಈಗ ಕೀಟೊಮಾರ್ಫಾ ಪಾಚಿ ಸೊಂಪಾಗಿ ಬೆಳೆದು ನೈಟ್ರೇಟ್, ಫಾಸ್ಫೇಟ್‌ಗಳನ್ನು ಹೀರುತ್ತಿದೆ, ಕೋಪಿಪಾಡ್ ಎಂಬ ಪುಟ್ಟ ಜಲಜೀವಿಗಳು ಅದರ ಎಳೆಗಳಲ್ಲಿ ಮನೆ ಮಾಡಿವೆ. ಅದರ ದೀಪವನ್ನು ರಾತ್ರಿ ಉರಿಸುವುದರಿಂದ ಆ ಹೊತ್ತಿನಲ್ಲಾಗುವ ನೀರಿನ ಪಿಎಚ್ ಇಳಿಕೆಯೂ ತಗ್ಗುತ್ತದೆ. ಕಳಚಿದ ಎಳೆಗಳು ಪಂಪಿಗೆ ಹೋಗದಂತೆ ತಡೆಗಾಜಿನ ಮೇಲೆ ಹಲ್ಲುಪಟ್ಟಿ ಅಂಟಿಸಬೇಕು.

ಟೆಂಪರ್ಡ್ ಗಾಜಿನ ತೊಟ್ಟಿಯವರಿಗೆ ಈ ಪೆಟ್ಟಿಗೆ ಆಗದು, ಕೊರೆದ ಕ್ಷಣವೇ ಅದು ಪುಡಿಯಾಗುತ್ತದೆ. ಉಳಿದವರು ವಜ್ರ ಲೇಪಿತ ಡ್ರಿಲ್ ಬಿಟ್‌ನಿಂದ, ನೀರು ಹನಿಸುತ್ತಾ, ನಿಧಾನವಾಗಿ ಕೊರೆಯಬಲ್ಲ ಗಾಜಿನ ಕೆಲಸಗಾರರನ್ನು ಗೊತ್ತುಮಾಡಿಕೊಂಡ ನಂತರವೇ ಇದಕ್ಕೆ ದುಡ್ಡು ಕೊಡುವುದು ಒಳ್ಳೆಯದು.